ಟಿಕೆಟ್ ಕೊನೆಯ ಕೆಲಸ

ಹೋದ ವರ್ಷ ಪರದೇಶದಲ್ಲಿರುವ ನಮ್ಮ ಸಂಘದಿಂದ ಒಂದು ಎಡವಟ್ಟಾಯಿತು. ಮುಚ್ಚಿಟ್ಟು ಪ್ರಯೋಜನವಿಲ್ಲ, ಇಲ್ಲೇ ಬರೆದುಬಿಡುತ್ತೇನೆ.

ವೀಸಾ ಮುಗಿದು ಎಂಟೊಂಬತ್ತು ತಿಂಗಳು ಕಳೆದಿದ್ದ ಹುಡುಗನೊಬ್ಬನ ಸುದ್ದಿ ಬಂತು. ಕೆಲಸ ಹೋಗಿತ್ತು, ಕೈಯಲ್ಲಿ ಕಾಸಿರಲಿಲ್ಲ. ಪಾಸ್‌ಪೋರ್ಟ್ ಹಳೇ ಮಾಲೀಕನ ಹತ್ತಿರ. ಅವನನ್ನು ನಮ್ಮ ರಾಯಭಾರ ಕಚೇರಿಗೆ ಕರೆದುಕೊಂಡು ಹೋಗಿ ಎಮರ್ಜೆನ್ಸಿ ಸರ್ಟಿಫಿಕೇಟ್ ಮಾಡಿಸಿದೆವು. ಔಟ್‌ಪಾಸ್ ಅಂತಾರಲ್ಲ, ಅದೇ. ಇನ್ನು ಟಿಕೆಟ್ ಒಂದೇ ಬಾಕಿ ಅಂದುಕೊಂಡು ಒಂದೇ ಸಂಜೆಯಲ್ಲಿ ದುಡ್ಡು ಕೂಡಿಸಿ ಬುಕ್ ಮಾಡಿದೆವು. ಇಮಿಗ್ರೇಷನ್ ಕೌಂಟರ್‌ನಲ್ಲಿ ಅವನನ್ನು ವಾಪಸ್ ಕಳಿಸಿದರು. ವೀಸಾ ಮುಗಿದ ಮೇಲೂ ಉಳಿದದ್ದಕ್ಕೆ ದಂಡ ಬಾಕಿ ಇತ್ತು. ಸಾಲದ್ದಕ್ಕೆ, ಕೆಲಸ ಬಿಟ್ಟು ಓಡಿಹೋಗಿದ್ದಾನೆ ಅಂತ ಮಾಲೀಕ ಕೊಟ್ಟ ದೂರೂ ಕಂಪ್ಯೂಟರ್‌ನಲ್ಲಿತ್ತು. ವಿಮಾನ ಹೋಯಿತು, ಟಿಕೆಟ್ ದುಡ್ಡೂ ಹೋಯಿತು.

ನಮಗೆ ತಿಳಿಯದೇ ಹೋದದ್ದು ಇಷ್ಟೇ. ಎಮರ್ಜೆನ್ಸಿ ಸರ್ಟಿಫಿಕೇಟ್ ಅಂದರೆ ‘ಇವನು ನಮ್ಮವನು, ಒಳಗೆ ಬಿಡುತ್ತೇವೆ’ ಅಂತ ಭಾರತ ಬರೆದುಕೊಡುವ ಚೀಟಿ. ಒಂದು ಸಲ, ಒಂದೇ ದಿಕ್ಕಿನ ಪ್ರಯಾಣಕ್ಕೆ ಮಾತ್ರ. ಆದರೆ ಹೊರಗೆ ಹೋಗುವ ಬಾಗಿಲಿನ ಬೀಗ ಇರುವುದು ಈ ದೇಶದವರ ಕೈಯಲ್ಲಿ. ದಂಡ, ದೂರು, ಸಾಲದ ಕೇಸು ಏನೇ ಇದ್ದರೂ ಮೊದಲು ಅದು ಬಗೆಹರಿಯಬೇಕು. ಟಿಕೆಟ್ ಆಮೇಲೆ.

ದಂಡದ ಲೆಕ್ಕ ದೇಶಕ್ಕೊಂದು ಥರ. ಎಮಿರೇಟ್ಸ್‌ನಲ್ಲಿ, ಅಂದರೆ ಯುಎಇಯಲ್ಲಿ, ದಿನಕ್ಕೆ 50 ದಿರ್ಹಂ. ಹೆದರಿಕೊಂಡು ಒಂದು ವರ್ಷ ರೂಮಿನಲ್ಲೇ ಕೂತರೆ 18,250 ದಿರ್ಹಂ. ಥಾಯ್ಲೆಂಡ್‌ನಲ್ಲಿ ದಿನಕ್ಕೆ 500 ಬಾತ್, ಆದರೆ 20,000ಕ್ಕೆ ನಿಲ್ಲುತ್ತದೆ. ಅಮೆರಿಕದ ಲೆಕ್ಕ ದುಡ್ಡಿನದಲ್ಲ, ಕಾಲದ್ದು. 180 ದಿನ ಮೀರಿ ಉಳಿದು ಹೊರಟರೆ ಮೂರು ವರ್ಷ, ಒಂದು ವರ್ಷ ಮೀರಿದರೆ ಹತ್ತು ವರ್ಷ ಮತ್ತೆ ಬರುವ ಹಾಗಿಲ್ಲ. ಕ್ಷಮಾದಾನ ಬರಲಿ ಅಂತ ಕಾಯುವವರೂ ಇದ್ದಾರೆ. ಬಂದಿದ್ದೂ ಉಂಟು. 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಎಮಿರೇಟ್ಸ್ ದಂಡ ಮನ್ನಾ ಮಾಡಿ ಜನರನ್ನು ಕಳಿಸಿಕೊಟ್ಟಿತು. ಹಾಗಂತ ಅದನ್ನೇ ನಂಬಿ ಕೂರುವುದು ಲಾಟರಿ ಟಿಕೆಟ್ ನಂಬಿ ಸಾಲ ಮಾಡಿದ ಹಾಗೆ.

ಹೆದರಿಕೆಯ ಬಗ್ಗೆ ಒಂದು ಮಾತು. ರಾಯಭಾರ ಕಚೇರಿಗೆ ಹೋದರೆ ಹಿಡಿದುಕೊಡುತ್ತಾರೆ ಅಂತ ಆ ಹುಡುಗ ನಂಬಿದ್ದ. ಯಾರೋ ರೂಮ್‌ಮೇಟ್ ತಲೆಗೆ ತುಂಬಿದ್ದು. ಅದು ಪೊಲೀಸ್ ಠಾಣೆ ಅಲ್ಲ ಅಂತ ಒಪ್ಪಿಸುವುದಕ್ಕೇ ನಮಗೆ ಎರಡು ವಾರ ಹಿಡಿಯಿತು. ಅಕಸ್ಮಾತ್ ಪೊಲೀಸರೇ ಹಿಡಿದರೂ, ‘ನಮ್ಮ ರಾಯಭಾರ ಕಚೇರಿಗೆ ತಿಳಿಸಿ’ ಅಂತ ಕೇಳುವ ಹಕ್ಕಿದೆ. ದೇಶ ದೇಶಗಳ ನಡುವಿನ 1963ರ ವಿಯೆನ್ನಾ ಒಪ್ಪಂದದ 36ನೇ ಕಲಂ ಅದನ್ನೇ ಹೇಳುತ್ತದೆ. ಸುಮ್ನೆ ಬಾಯಿ ಕಟ್ಟಿಕೊಂಡು ಕೂರಬೇಕಾಗಿಲ್ಲ.

ಪಾಸ್‌ಪೋರ್ಟ್ ಮಾಲೀಕನದೂ ಅಲ್ಲ, ನಿಜ ಹೇಳಬೇಕಂದರೆ ನಮ್ಮದೂ ಅಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಅದು ಭಾರತ ಸರ್ಕಾರದ ಸ್ವತ್ತು. ಕಿತ್ತಿಟ್ಟುಕೊಂಡವನಿಗೆ ಇದನ್ನು ಹೇಳುವ ಧೈರ್ಯ ಎಲ್ಲರಿಗೂ ಇರೋದಿಲ್ಲ, ಗೊತ್ತು. ಅದಕ್ಕೇ ಪಾಸ್‌ಪೋರ್ಟ್, ವೀಸಾ ಎರಡರ ಫೋಟೊ ತೆಗೆದು ಊರಿನಲ್ಲಿರುವ ಅಕ್ಕನಿಗೋ ತಮ್ಮನಿಗೋ ಇವತ್ತೇ ಕಳಿಸಿಡಿ. ಫೋನಿನಲ್ಲಿ ಮಾತ್ರ ಇದ್ದರೆ ಸಾಲದು, ಫೋನೂ ಕಳೆಯುತ್ತದೆ. ಪಾಸ್‌ಪೋರ್ಟ್ ನಂಬರ್ ಸಿಕ್ಕರೆ ಔಟ್‌ಪಾಸ್ ಬೇಗ ಆಗುತ್ತದೆ. ಏನೂ ಇಲ್ಲದಿದ್ದರೆ ಇವನು ಭಾರತದವನೇ ಅಂತ ಊರಿನಿಂದ ಖಾತ್ರಿ ಆಗಿ ಬರುವವರೆಗೆ ಕಾಯಬೇಕು.

ಇನ್ನು ದುಡ್ಡು. ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಂತ ಒಂದಿದೆ, 2009ರಲ್ಲಿ ಶುರುವಾದದ್ದು. ನಿಜವಾಗಿ ಕಷ್ಟದಲ್ಲಿ ಇರುವವರಿಗೆ ಟಿಕೆಟ್, ಕೆಲವು ದಿನದ ಊಟ ವಸತಿ, ಸಣ್ಣಪುಟ್ಟ ದಂಡವನ್ನೂ ಅದರಿಂದ ಕೊಡಬಹುದು. ಕೊಡುವುದು ಬಿಡುವುದು ರಾಯಭಾರ ಕಚೇರಿಗೆ ಬಿಟ್ಟದ್ದು, ಅರ್ಜಿ ಹಾಕಿ ಕೇಳಬೇಕು. ಇದು ಧರ್ಮದ ದುಡ್ಡಲ್ಲ. ನಾವು ಪಾಸ್‌ಪೋರ್ಟ್ ನವೀಕರಿಸುವಾಗಲೆಲ್ಲ ಶುಲ್ಕದ ಜೊತೆ ಒಂದಿಷ್ಟು ಈ ನಿಧಿಗೆ ಕಟ್ಟಿರುತ್ತೇವೆ. ನಮ್ಮದೇ ದುಡ್ಡು, ಅಲ್ವಾ?

ಆ ಹುಡುಗ ಎರಡನೇ ಸಲ ಹೊರಟದ್ದು ಇದೇ ನಿಧಿಯ ಟಿಕೆಟ್ಟಿನಲ್ಲಿ, ದೂರು ವಾಪಸ್ ಆದ ಮೇಲೆ. ನಮ್ಮ ಖಜಾಂಚಿಗಳು ಮೊದಲ ಟಿಕೆಟ್ಟಿನ ರಸೀದಿಯನ್ನು ಇನ್ನೂ ಇಟ್ಟುಕೊಂಡಿದ್ದಾರೆ. ಸಭೆಯಲ್ಲಿ ಯಾರಾದರೂ ‘ಟಿಕೆಟ್ ಮಾಡಿಬಿಡೋಣ’ ಅಂದ ತಕ್ಷಣ ಅದನ್ನು ತೆಗೆದು ಮೇಜಿನ ಮೇಲೆ ಇಡುತ್ತಾರೆ.