ಬಾಸ್ ಮೀನಿನ ನೀರು: ಬೇಲೂರಿನ ಚಿಕ್ಕಪ್ಪನಿಗೆ ಒಂದು ಕಾಗದ

ಹಂಟ್ಸ್‌ವಿಲ್, ಅಲಬಾಮ

ತೀರ್ಥರೂಪ ಸಮಾನರಾದ ಚಿಕ್ಕಪ್ಪನವರಿಗೆ ಮಂಜುನಾಥ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಚಿಕ್ಕಮ್ಮನ ಮಂಡಿನೋವು ಹೇಗಿದೆ ಅಂತ ತಿಳಿಸಿ.

ಇಲ್ಲಿಯವರು ಬಾಸ್ ಹಿಡಿಯೋಕೆ ಎಂಥ ನೀರು ಹುಡುಕಿಕೊಂಡು ಹೋಗ್ತಾರೆ, ಕೆರೆಯೋ ಹೊಳೆಯೋ ಅಂತ ಕೇಳಿದ್ದಿರಿ. ಫೋನಿನಲ್ಲಿ ಹೇಳಿದರೆ ಅರ್ಧಂಬರ್ಧ ಆಗುತ್ತೆ ಅಂತ ಬರೆಯುತ್ತಿದ್ದೇನೆ. ನೀರು ಎಷ್ಟು ದೊಡ್ಡದು ಅನ್ನೋದು ಆಮೇಲಿನ ಮಾತು. ಮೀನು ಒಂದು ಜಾಗಕ್ಕೆ ಬಂದು ನಿಲ್ಲೋಕೆ ಆ ನೀರಿನಲ್ಲಿ ಏನು ಕಾರಣವಿದೆ ಅಂತ ಗಾಳದವರು ಮೊದಲು ನೋಡುತ್ತಾರೆ.

ಬಾಸ್ ಅಂತ ಒಂದೇ ಹೆಸರಿದ್ದರೂ ಮುಖ್ಯವಾಗಿ ಹಿಡಿಯುವುದು ಮೂರು ಜಾತಿ. ಲಾರ್ಜ್‌ಮೌತ್ ನಿಂತ ನೀರಿನದು. ಬೆಚ್ಚಗಿರಬೇಕು, ಜೊಂಡು, ಕಳೆ, ಬಿದ್ದ ಮರ ಏನಾದರೂ ಇರಬೇಕು. ನಮ್ಮ ಕೊರವದ ಹಾಗೆ ಮರೆಯಲ್ಲಿ ಕಾದು ಒಮ್ಮೆಗೇ ಎರಗುತ್ತೆ. ಸ್ಮಾಲ್‌ಮೌತ್‌ಗೆ ತಂಪಾದ ತಿಳಿನೀರು, ಕಲ್ಲು, ಹರಿವು ಬೇಕು. ಸ್ಪಾಟೆಡ್ ಬಾಸ್ ಆಳವಾದ ತಿಳಿನೀರಿನಲ್ಲಿ ಗುಂಪಾಗಿ ಓಡಾಡುತ್ತೆ. ಈ ಮೂರಕ್ಕೂ ಹೆಸರಾದ ನೀರು ನಮ್ಮ ಈ ಊರಿನಿಂದ ಎರಡು ಗಂಟೆ ದಾರಿಯೊಳಗೇ ಸಿಗುತ್ತೆ, ಹಾಗಾಗಿ ಇವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಗಂಟರ್ಸ್‌ವಿಲ್ ಅನ್ನೋದು ಟೆನೆಸಿ ನದಿಗೆ 1939ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಹಿನ್ನೀರು, ಸುಮಾರು 69,000 ಎಕರೆ. ಕಟ್ಟಿದವರು ಟೆನೆಸಿ ವ್ಯಾಲಿ ಅಥಾರಿಟಿ, 1933ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ. ಈ ನದಿಯಲ್ಲಿ ಸರಕಿನ ದೋಣಿಗಳು ಓಡಾಡಬೇಕು, ಅದಕ್ಕೆ ಕನಿಷ್ಠ 9 ಅಡಿ ಆಳದ ದಾರಿ ಕಾಯಬೇಕು. ಹಾಗಾಗಿ ಮಾಮೂಲಿ ವರ್ಷದಲ್ಲಿ ಇಲ್ಲಿ ನೀರಿನ ಮಟ್ಟ ಸುಮಾರು 2 ಅಡಿ ಮಾತ್ರ ಏರಿಳಿಯುತ್ತೆ. ಬಾಸ್ ಗಾಳದವರಿಗೆ ಇದು ದೊಡ್ಡ ವಿಷಯ. ಮಟ್ಟ ನಿಂತಲ್ಲಿ ದಡದ ಕಳೆಗೆ ಬೇರು ಬಿಡೋಕೆ ಆಗುತ್ತೆ, ಕಳೆ ಇದ್ದಲ್ಲಿ ಮರಿ ಮೀನು, ಮರಿ ಮೀನು ಇದ್ದಲ್ಲಿ ಬಾಸ್. ನಮ್ಮ ಹೇಮಾವತಿ ಹಿನ್ನೀರು ಬೇಸಿಗೆಗೆ ಇಳಿದು ದಡವೆಲ್ಲ ಒಣಗುತ್ತಲ್ಲ, ಅಂಥ ಕಡೆ ಕಳೆ ನಿಲ್ಲೋದಿಲ್ಲ. ಅಲ್ಲಿ ಮೀನಿಗೆ ಮರೆ ಅಂದರೆ ಬಂಡೆ, ಮರದ ಬೊಡ್ಡೆ, ಕೊರಕಲು ಅಷ್ಟೇ.

ಗಂಟರ್ಸ್‌ವಿಲ್‌ನಲ್ಲಿ ಜಾಸ್ತಿ ಇರೋದು ಮಿಲ್‌ಫಾಯಿಲ್, ಈಲ್‌ಗ್ರಾಸ್, ಹೈಡ್ರಿಲ್ಲಾ ಅನ್ನುವ ನೀರುಕಳೆಗಳು. ಹೈಡ್ರಿಲ್ಲಾ ನಮ್ಮ ಕಡೆಯ ಕೆರೆಗಳದ್ದೇ ಗಿಡ. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಫ್ಲಾರಿಡಾಕ್ಕೆ ಬಂದು ಹಬ್ಬಿತು. ಕಳೆ ಎಕರೆಗಟ್ಟಲೆ ಇದ್ದರೂ ಮೀನು ಎಲ್ಲ ಕಡೆ ಇರೋದಿಲ್ಲ. ಕಳೆ ಮುಗಿದು ಆಳ ಶುರುವಾಗುವ ಅಂಚು, ಎರಡು ಜಾತಿ ಕಳೆ ಸೇರುವ ಗೆರೆ, ನಡುವಿನ ಖಾಲಿ ಗುಂಡಿ, ಇವನ್ನು ಹುಡುಕಬೇಕು. ಕಳೆ ನೀರಿನ ಮಟ್ಟಕ್ಕಿಂತ ಒಂದೆರಡು ಅಡಿ ಕೆಳಗಿದ್ದಾಗ, ಒಳಗೆ ಗುಂಡು ತುಂಬಿದ ಕಿಲಿಕಿಲಿ ಸದ್ದಿನ ಹುಸಿಮೀನನ್ನು ಅದರ ತುದಿ ಸವರಿಕೊಂಡು ಎಳೆಯುತ್ತಾರೆ. ಸಿಕ್ಕಿಕೊಂಡರೆ ಸರಕ್ಕನೆ ಜಗ್ಗಿ ಬಿಡಿಸಬೇಕು, ಬಹಳ ಸಲ ಮೀನು ಕಚ್ಚೋದು ಬಿಡಿಸಿಕೊಂಡ ಆ ಗಳಿಗೆಯಲ್ಲೇ. ಬೇಸಿಗೆ ಕೊನೆಗೆ ಕಳೆ ಮೇಲೆ ಬಂದು ಚಾಪೆ ಹಾಸಿದ ಮೇಲೆ ಟೊಳ್ಳು ರಬ್ಬರ್ ಕಪ್ಪೆ ಹಾಕುತ್ತಾರೆ. ಅದಕ್ಕೆ 50ರಿಂದ 65 ಪೌಂಡ್ ಭಾರ ತಡೆಯುವ ಹೆಣೆದ ದಾರವೇ ಬೇಕು. ನೈಲಾನ್ ಎಳೆದಾಗ ಹಿಗ್ಗುತ್ತೆ, ಅಷ್ಟರಲ್ಲಿ ಮೀನು ಕಳೆಯೊಳಗೆ ನುಗ್ಗಿ ಸುತ್ತಿಕೊಂಡುಬಿಡುತ್ತೆ. ನೀರು ಚಿಮ್ಮಿದ ಕೂಡಲೇ ಎಳೆಯುವುದು ಎಲ್ಲರೂ ಮಾಡುವ ತಪ್ಪು. ಕಪ್ಪೆ ಕಾಣದಾಗಿ ದಾರದಲ್ಲಿ ಭಾರ ಗೊತ್ತಾದ ಮೇಲೆ ಎಳೆಯಬೇಕು.

ಇನ್ನೊಂದು ಮಾತು. ದಟ್ಟ ಕಳೆ ರಾತ್ರಿಯೆಲ್ಲ ಆಮ್ಲಜನಕ ಬಳಸುತ್ತೆ, ಹಗಲಿನ ಹಾಗೆ ತಯಾರಿಸೋದಿಲ್ಲ. ಹಾಗಾಗಿ ಸೆಖೆಗಾಲದಲ್ಲಿ ನಸುಕಿಗೆ ಕಳೆಯ ಒಳಭಾಗದಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನು ಅಂಚಿಗೋ ಹರಿವಿರುವ ಕಡೆಗೋ ಸರಿದಿರುತ್ತೆ. ಬೆಳಗ್ಗೆ ಅಂಚು, ಬಿಸಿಲೇರಿದ ಮೇಲೆ ಒಳಗೆ.

ನನ್ನ ಮಟ್ಟಿಗೆ ಇಲ್ಲಿನ ಅತ್ಯಂತ ಸ್ವಾರಸ್ಯದ ಜಾಗ ಹಳೇ ನದಿಯ ಅಂಚು. ಅಣೆಕಟ್ಟು ಕಟ್ಟಿದ ಮೇಲೆ ನದಿಯ ಪಾತ್ರ ಹಿನ್ನೀರಿನ ತಳದಲ್ಲಿ ಹಾಗೇ ಉಳಿದಿರುತ್ತೆ. ಅದರ ದಂಡೆ ಈಗ 12ರಿಂದ 25 ಅಡಿ ಕೆಳಗೆ, ಆಮೇಲೆ ಒಮ್ಮೆಗೇ ಇಳಿಜಾರು. ಮೊಟ್ಟೆ ಇಡುವ ಕಾಲ ಮುಗಿದು ಜೂನ್ ಬಂತೆಂದರೆ ಲಾರ್ಜ್‌ಮೌತ್ ಗುಂಪುಗುಂಪಾಗಿ ಈ ದಂಡೆಗೆ ಬರುತ್ತೆ. ಅದೂ ಉದ್ದಕ್ಕೂ ಇರೋದಿಲ್ಲ: ನದಿ ತಿರುಗುವ ಜಾಗ, ಹಳ್ಳ ಬಂದು ಸೇರುವ ಬಾಯಿ, ಬೊಡ್ಡೆ ಅಥವಾ ಕಪ್ಪೆಚಿಪ್ಪಿನ ಗಟ್ಟಿ ತಳ ಇರುವಲ್ಲಿ ಮಾತ್ರ. ವಿದ್ಯುತ್ ತಯಾರಿಸೋಕೆ ನೀರು ಬಿಟ್ಟಾಗ ಹರಿವು ಶುರುವಾಗಿ ಶಾಡ್ ಅನ್ನುವ ಸಣ್ಣ ಮೀನು ಸೆಳೆತಕ್ಕೆ ಸಿಕ್ಕುತ್ತೆ, ಬಾಸ್ ಹರಿವಿಗೆ ಎದುರು ಮುಖ ಮಾಡಿ ಸಾಲಾಗಿ ನಿಂತು ತಿನ್ನುತ್ತೆ. ನೀರು ನಿಲ್ಲಿಸಿದರೆ ಚದುರಿ ಬಾಯಿ ಮುಚ್ಚುತ್ತೆ. ಯಾವ ಅಣೆಕಟ್ಟಿನಿಂದ ಯಾವ ಹೊತ್ತಿಗೆ ಎಷ್ಟು ನೀರು ಬಿಡ್ತಾರೆ ಅಂತ ಅಣೆಕಟ್ಟಿನ ಸಂಸ್ಥೆಯೇ ಮೊದಲು ಪ್ರಕಟಿಸುತ್ತೆ, ಅದನ್ನು ನೋಡದೆ ಬಲ್ಲವರು ಮನೆ ಬಿಡೋದಿಲ್ಲ. ದೋಣಿಯನ್ನು ಹರಿವಿನ ಕೆಳಗಿಟ್ಟು, ಎರೆಯನ್ನು ಮೇಲಕ್ಕೆ ಎಸೆದು, ಹರಿವಿನ ಜೊತೆ ತರಬೇಕು. ಎದುರಿಗೆ ಎಳೆದರೆ ಮೀನಿಗೆ ಅನುಮಾನ, ಸೆಳೆತಕ್ಕೆ ಸಿಕ್ಕ ಸಣ್ಣ ಮೀನು ಹಾಗೆ ಈಜೋದಿಲ್ಲ.

ಇದರಲ್ಲಿ ನಿಮಗೆ ಬರುವ ಪಾಠವೂ ಇದೆ. ಹಿನ್ನೀರು ಇಳಿದ ಕಾಲದಲ್ಲಿ ಇಲ್ಲಿಯವರು ಬರಿದಾದ ದಡದಲ್ಲಿ ನಡೆದು ಬೊಡ್ಡೆ, ಬಂಡೆ, ಹಳ್ಳದ ತಿರುವು, ಮುಳುಗಿದ ರಸ್ತೆಗಳ ಫೋಟೊ ತೆಗೆದು ಗುರುತು ಹಾಕಿಕೊಳ್ಳುತ್ತಾರೆ. ಶೆಟ್ಟಿಹಳ್ಳಿ ಚರ್ಚಿನ ಸುತ್ತ ನೆಲ ಕಾಣುವ ಏಪ್ರಿಲ್ ಹೊತ್ತಿಗೆ ನೀವೂ ಹೋಗಿ ನೋಡಿ. ಮಳೆಗಾಲ ಕಳೆದ ಮೇಲೆ ಅವೇ ಮೀನಿನ ಜಾಗ.

ಲೂಯಿಸ್ ಸ್ಮಿತ್ ಅನ್ನುವ ಇನ್ನೊಂದು ಜಲಾಶಯದ ಗುಣವೇ ಬೇರೆ. ಗುಡ್ಡದ ಸಂದಿನಲ್ಲಿ ಇನ್ನೂರು ಅಡಿಗೂ ಹೆಚ್ಚು ಆಳದ ತಿಳಿನೀರು, ದಡದಲ್ಲಿ ಕಳೆ ಕಮ್ಮಿ. ಇಲ್ಲಿ ಸ್ಪಾಟೆಡ್ ಬಾಸ್ ಹೆಚ್ಚು. ತಿಳಿನೀರಿನಲ್ಲಿ ಮೀನು ನಮ್ಮನ್ನೂ ನೋಡುತ್ತೆ, ದಾರವನ್ನೂ ನೋಡುತ್ತೆ. ಅದಕ್ಕೆ 6ರಿಂದ 8 ಪೌಂಡಿನ ಸಣ್ಣ ಫ್ಲೋರೊಕಾರ್ಬನ್ (ನೀರಿನಲ್ಲಿ ಅಷ್ಟಾಗಿ ಕಾಣದ) ದಾರ, ಸಣ್ಣ ಎರೆ, ದೂರದ ಎಸೆತ. ಬೇಸಿಗೆಯಲ್ಲಿ ರಾತ್ರಿ ಹೋಗುವವರೇ ಜಾಸ್ತಿ.

ಆಳದ ನೀರಿನಲ್ಲಿ ಹೊಸಬರು ಎಡವುವುದು ಒಂದು ಕಡೆ. ಬೇಸಿಗೆಯಲ್ಲಿ ಮೇಲಿನ ಬೆಚ್ಚನೆ ನೀರು, ಕೆಳಗಿನ ತಣ್ಣನೆ ನೀರು ಬೆರೆಯದೆ ಎರಡು ಪದರವಾಗುತ್ತೆ. ಪೋಷಕಾಂಶ ಜಾಸ್ತಿ ಇರುವ ಜಲಾಶಯದಲ್ಲಿ ಕೆಳಪದರದ ಆಮ್ಲಜನಕ ತಳದ ಕೊಳೆತದಲ್ಲೇ ಖರ್ಚಾಗುತ್ತೆ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಬಾಸ್‌ಗೆ ನೆಮ್ಮದಿ, 3ಕ್ಕಿಂತ ಇಳಿದರೆ ಸಂಕಟ. ಎರಡು ಪದರ ಸೇರುವ ಗೆರೆ 20 ಅಡಿಯಲ್ಲಿದ್ದಾಗ 40 ಅಡಿಗೆ ಎರೆ ಬಿಟ್ಟು ಕೂತರೆ ಸಂಜೆವರೆಗೂ ಏನೂ ಸಿಗೋದಿಲ್ಲ. ಆಳ ತೋರಿಸುವ ಸೋನಾರ್ ಯಂತ್ರದಲ್ಲಿ ಈ ಗೆರೆ ಮಸುಕಾದ ಪಟ್ಟಿಯಾಗಿ ಕಾಣುತ್ತೆ.

ಸ್ಮಾಲ್‌ಮೌತ್ ಬೇಕಾದವರು ಅಣೆಕಟ್ಟಿನ ಬುಡಕ್ಕೆ ಹೋಗುತ್ತಾರೆ. ಇದೇ ಟೆನೆಸಿ ನದಿಯ ವಿಲ್ಸನ್, ವೀಲರ್ ಅಣೆಕಟ್ಟುಗಳ ಕೆಳಗೆ ಕಲ್ಲು, ಸುಳಿ, ರಭಸ ಎಲ್ಲ ಇದೆ. ರಭಸದಲ್ಲಿ ಮೀನು ನಿಲ್ಲೋದಿಲ್ಲ, ಬಂಡೆಯ ಹಿಂದಿನ ಮಂದ ನೀರಿನಲ್ಲಿ ನಿಂತು ಪಕ್ಕದ ಹರಿವಿನಿಂದ ಊಟ ಕಸಿದುಕೊಳ್ಳುತ್ತೆ. ವೇಗದ ನೀರು ನಿಧಾನದ ನೀರಿಗೆ ತಾಗುವ ಗೆರೆಗೇ ಎರೆ ಬೀಳಬೇಕು. ನೀರು ಬಿಡುವ ಸೈರನ್ ಕೂಗಿದರೆ ಕಲ್ಲಿನ ಮೇಲಿಂದ ಇಳಿದು ದಡ ಸೇರಲೇಬೇಕು.

ಕಾಲದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ನೀರು 16ರಿಂದ 20 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಲಾರ್ಜ್‌ಮೌತ್ ಗಂಡು, 1ರಿಂದ 6 ಅಡಿ ನೀರಿನ ಗಟ್ಟಿ ಜಲ್ಲಿ ತಳದಲ್ಲಿ ಗುಂಡಿ ಮಾಡಿ ಮೊಟ್ಟೆ ಕಾಯುತ್ತೆ. ಬಡಗಣ ಗಾಳಿ ತಾಗದ ಉತ್ತರ ದಡದ ಕೊಲ್ಲಿಗಳು ಮೊದಲು ಬೆಚ್ಚಗಾಗುತ್ತವೆ, ವಸಂತದಲ್ಲಿ ಶುರು ಅಲ್ಲಿಂದ. ನೀರು ಏರುತ್ತಿದ್ದರೆ ಮೀನು ಮುಳುಗಿದ ಪೊದೆಗೆ ಬರುತ್ತೆ, ಇಳಿಯುತ್ತಿದ್ದರೆ ದಡದಿಂದಾಚೆ ಮೊದಲು ಸಿಗುವ ಆಳಕ್ಕೆ ಜಾರುತ್ತೆ. ಬಗ್ಗಡವಾದರೆ ಹೆದರಬೇಕಿಲ್ಲ: ಬಗ್ಗಡದಲ್ಲಿ ಬಾಸ್ ದಡಕ್ಕೆ, ಬೊಡ್ಡೆಗೆ ಅಂಟಿಕೊಂಡು ನಿಲ್ಲುತ್ತೆ, ಅದುರುವ ಅಥವಾ ಸದ್ದು ಮಾಡುವ ಎರೆಯನ್ನು ಅದರ ಹತ್ತಿರವೇ ನಿಧಾನಕ್ಕೆ ಎಳೆಯಬೇಕು.

ಇಷ್ಟು ದೊಡ್ಡ ನೀರಿನ ಮಾತಾಡಿದರೂ, ಜಾರ್ಜಿಯಾದಲ್ಲಿ 1932ರ ಜೂನ್ 2ರಂದು ಸಿಕ್ಕ 22 ಪೌಂಡ್ 4 ಔನ್ಸಿನ, ಅಂದರೆ 10 ಕೆಜಿ ದಾಟಿದ ಲಾರ್ಜ್‌ಮೌತ್ ದಾಖಲೆ ಬಂದದ್ದು ನದಿ ಬಿಟ್ಟುಹೋದ ಒಂದು ಹಳೇ ತಿರುವಿನ ಮಡುವಿನಿಂದ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಸಿಕ್ಕ ಮೀನು ಅದಕ್ಕೆ ಸರಿಸಮ ಅಂತ ದಾಖಲಾಯಿತು. ಹಾಗಾಗಿ ಇಲ್ಲಿ ಹೊಲದ ಕೆರೆಗೆ ಬಹಳ ಮರ್ಯಾದೆ. ಆಬರ್ನ್ ವಿಶ್ವವಿದ್ಯಾಲಯದ ಸ್ವಿಂಗಲ್ ಎಂಬ ವಿಜ್ಞಾನಿ ರೂಪಿಸಿದ ಲೆಕ್ಕ ಇವತ್ತಿಗೂ ನಡೆಯುತ್ತೆ: ಗೊಬ್ಬರ ಹಾಕುವ ಕೆರೆಗೆ ಎಕರೆಗೆ ಬಾಸ್ ತಿನ್ನುವ ಬ್ಲೂಗಿಲ್ ಅನ್ನುವ ಸಣ್ಣ ಮೀನಿನ ಸಾವಿರ ಮರಿ, ನೂರು ಬಾಸ್ ಮರಿ. ಹಾಕದ ಕೆರೆಗೆ ಅದರ ಅರ್ಧ. ಬ್ಲೂಗಿಲ್ ಮೊದಲು, ಬಾಸ್ ಮುಂದಿನ ಬೇಸಿಗೆ ಹೊತ್ತಿಗೆ. ಕೆಡುವುದು ಎರಡು ರೀತಿ. ಸಣ್ಣ ಬಾಸ್ ಅಂತ ಕನಿಕರದಿಂದ ಎಲ್ಲ ವಾಪಸ್ ಬಿಟ್ಟರೆ ಊಟ ಸಾಲದೆ ಕೆರೆ ತುಂಬ ಬಡಕಲು ಮೀನಾಗುತ್ತೆ. ಕಳೆ ಕೆರೆಯ ಕಾಲುಭಾಗ ಮೀರಿದರೆ ಬ್ಲೂಗಿಲ್ ಅಡಗಿ ಉಳಿದು ಹೆಚ್ಚಾಗಿ, ಬಾಸ್ ಹಸಿದು ಸೊರಗುತ್ತೆ.

ತೋಟದ ಕೆರೆ ಹೂಳೆತ್ತಿಸುವ ಯೋಚನೆ ಇದೆ ಅಂದಿರಲ್ಲ, ಎರಡು ಸಂಗತಿ ಅಲ್ಲಿಗೂ ಹೊಂದುತ್ತೆ. ದಡವನ್ನು ಮೊದಲ 3 ಅಡಿ ಆಳದವರೆಗೆ ಮೂರಕ್ಕೊಂದು ಇಳಿಜಾರಿನಲ್ಲಿ, ಅಂದರೆ ಮೂರಡಿ ಮುಂದೆ ಹೋದರೆ ಒಂದಡಿ ಇಳಿಯುವ ಹಾಗೆ ಕಡಿಸಿ, ಅಂಚಿನ ಕಳೆ ಕಡಿಮೆಯಾಗುತ್ತೆ. ಗೊಬ್ಬರ ಹಾಕಿ ಕಾಟ್ಲ, ರೋಹು ಸಾಕುವುದಾದರೆ ಮೊಣಕೈವರೆಗೆ ಕೈ ಅದ್ದಿ ನೋಡಿ. ನೀರು ಹಸಿರಾಗಿದ್ದು ಅಂಗೈ ಅಲ್ಲಿ ಮಸುಕಾದರೆ ಸರಿ. ಗೇಣುದ್ದಕ್ಕೇ ಕಾಣದಾದರೆ ಗೊಬ್ಬರ ನಿಲ್ಲಿಸಿ. ಮೋಡ ಮುಸುಕಿದ ದಿನಗಳಲ್ಲಿ ಆ ಹಸಿರು ಪಾಚಿ ಒಮ್ಮೆಗೇ ಸತ್ತು, ಆಮ್ಲಜನಕ ಸಾಲದೆ ಬೆಳಗಿನ ಜಾವಕ್ಕೆ ಮೀನು ಬಾಯಿ ತೆರೆದು ಮೇಲೆ ಬರುತ್ತೆ.

ಬಾಸ್ ಮರಿ ತರಿಸೋಕಾಗುತ್ತಾ ಅಂತ ರಘು ಕೇಳಿದ್ದ. ಬೇಡವೇ ಬೇಡ ಅಂತ ಹೇಳಿ. ಲಾರ್ಜ್‌ಮೌತ್ ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಜಪಾನ್ 2005ರಿಂದ ಅದನ್ನು ಸಾಗಿಸುವುದನ್ನೂ ನೀರಿಗೆ ಬಿಡುವುದನ್ನೂ ಕಾನೂನಿನಿಂದ ತಡೆದಿದೆ. ತೋಟದ ಕೆರೆ ಕೋಡಿ ಬಿದ್ದರೆ ನೀರು ಹಳ್ಳ ಸೇರಿ ಯಗಚಿಗೇ ತಾನೆ ಹೋಗೋದು. ಅವನಿಗೆ ಆ ಆಟವೇ ಬೇಕಾದರೆ ಇದೇ ರಬ್ಬರ್ ಕಪ್ಪೆ, ಇದೇ ಹೆಣೆದ ದಾರ ಕೊರವಕ್ಕೂ ಆಗುತ್ತೆ. ಡಿಸೆಂಬರಿನಲ್ಲಿ ಬರುವವರ ಕೈಯಲ್ಲಿ ನಾಲ್ಕು ಕಪ್ಪೆ, ಒಂದು ಸುರುಳಿ ದಾರ ಕಳಿಸುತ್ತೇನೆ.

ಚಿಕ್ಕಮ್ಮನಿಗೆ ನಮಸ್ಕಾರ, ರಘುವಿಗೆ ಆಶೀರ್ವಾದ.

ಇಂತಿ ನಿಮ್ಮ,
ಮಂಜುನಾಥ