ಒಂದೇ ಗಿಟಾರಿನಲ್ಲಿ ಎರಡು ದನಿ ಬೇಕೆಂದ ಸೊಸೆಗೆ

ಮೈಸೂರು
ಭಾನುವಾರ

ಚಿ. ಮೇಘಾಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಕಳಿಸಿದ ವಿಡಿಯೋಗಳನ್ನೆಲ್ಲ ನೋಡಿದೆ. ಟೇಲರ್ ಟಿ5ಜೆಡ್ ಕೊಳ್ಳಲೋ, ಫೆಂಡರ್ ಅಕೌಸ್ಟಸಾನಿಕ್ ಕೊಳ್ಳಲೋ, ಈಗಿರುವ ಅಕೌಸ್ಟಿಕ್ ಗಿಟಾರು ಡ್ರೆಡ್‌ನಾಟ್ ಮಾರಿ ಆ ದುಡ್ಡನ್ನೂ ಸೇರಿಸಿಬಿಡಲೋ ಎಂದು ಕೇಳಿದ್ದೀಯ. ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಡ್ರೆಡ್‌ನಾಟ್ ಮಾರಬೇಡ. ನೀನು ಹೇಳಿದ ಎರಡೂ ಹೈಬ್ರಿಡ್, ಅಂದರೆ ಅಕೌಸ್ಟಿಕ್ ದನಿಯನ್ನೂ ಎಲೆಕ್ಟ್ರಿಕ್ ದನಿಯನ್ನೂ ಕೊಡುವ ಗಿಟಾರು. ಅಂಥದು ವೇದಿಕೆಯ ಮೇಲೆ ಏನೇ ಜಾದೂ ಮಾಡಿದರೂ ಕೇಬಲ್ ಕಿತ್ತ ಮೇಲೆ ಅದರದು ಸಣ್ಣ ದನಿ. ಮನೆಯಲ್ಲಿ ಕೂತು ಹೊಸ ಹಾಡಿಗೆ ರಾಗ ಕೂಡಿಸಲು, ನಾಲ್ಕು ಜನ ಸೇರಿದಾಗ ಸುಮ್ಮನೆ ಹಾಡಿಕೊಳ್ಳಲು ನಿನಗೆ ಆ ದೊಡ್ಡ ಹೊಟ್ಟೆಯ ಗಿಟಾರೇ ಬೇಕು. ಮಾರಿದರೆ ಆರು ತಿಂಗಳಲ್ಲಿ ಇನ್ನೊಂದು ಹುಡುಕುತ್ತೀಯ, ಹೆಚ್ಚು ದುಡ್ಡು ಕೊಟ್ಟು.

ಇನ್ನು ಹೈಬ್ರಿಡ್ ನಿಜವಾಗಿಯೂ ಬೇಕೇ ಎಂಬ ವಿಚಾರ. ನಿಮ್ಮ ತಂಡದ ಹಾಡುಗಳ ಪಟ್ಟಿ ತೆಗೆದುಕೊಂಡು ಒಂದು ಗುರುತು ಹಾಕಿಕೊ. ಆದಿಯಿಂದ ಅಂತ್ಯದವರೆಗೆ ಅಕೌಸ್ಟಿಕ್ ದನಿಯೇ ಇರುವ ಹಾಡು ಯಾವುವು, ಪೂರ್ತಿ ಎಲೆಕ್ಟ್ರಿಕ್ ಯಾವುವು, ಹಾಡಿನ ನಡುವೆಯೇ ದನಿ ಬದಲಾಗಬೇಕಾದವು ಯಾವುವು. ಈ ಮೂರನೆಯ ಗುಂಪು ಇದೆಯಲ್ಲ, ಹೈಬ್ರಿಡ್ ಹುಟ್ಟಿದ್ದೇ ಅದಕ್ಕಾಗಿ. ಅದರಲ್ಲಿ ಒಂದೋ ಎರಡೋ ಹಾಡು ಮಾತ್ರ ಇದ್ದರೆ ಒಳ್ಳೆಯ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕೊಂಡು, ನಿನ್ನ ಡ್ರೆಡ್‌ನಾಟ್‌ಗೆ ದನಿಯನ್ನು ಹಿಡಿದು ಕೇಬಲ್‌ಗೆ ಕೊಡುವ ಚೆನ್ನಾಗಿರುವ ಪಿಕಪ್ ಹಾಕಿಸು. ಅರ್ಧ ದುಡ್ಡಿನಲ್ಲಿ ಮುಗಿಯುತ್ತದೆ, ಎರಡೂ ದನಿ ಅಸಲಿಯಾಗಿರುತ್ತವೆ. ನಮ್ಮ ಗಣೇಶೋತ್ಸವದ ಆರ್ಕೆಸ್ಟ್ರಾ ದಿನಗಳಲ್ಲಿ ಹಾಗೇ ಮಾಡುತ್ತಿದ್ದೆವು. ಒಂದು ಗಿಟಾರು ಹೆಗಲಲ್ಲಿ, ಇನ್ನೊಂದು ಸ್ಟ್ಯಾಂಡಿನಲ್ಲಿ. ನಾನು ಬೆಲ್ಟು ಬದಲಾಯಿಸಿಕೊಳ್ಳುವಷ್ಟು ಹೊತ್ತು ಗಾಯಕರು ಆಲಾಪ ಎಳೆಯುತ್ತಿದ್ದರು, ಜನ ಅದಕ್ಕೂ ಚಪ್ಪಾಳೆ ಹೊಡೆಯುತ್ತಿದ್ದರು!

ಆದರೆ ನೀನು ಕಳಿಸಿದ ರೆಕಾರ್ಡಿಂಗ್ ಕೇಳಿದರೆ ನಿನ್ನ ಪಟ್ಟಿಯಲ್ಲಿ ಆ ಮೂರನೆಯ ಗುಂಪೇ ದೊಡ್ಡದು ಅನ್ನಿಸುತ್ತದೆ. ಭಾವಗೀತೆಯ ಪಲ್ಲವಿಗೆ ಬೆರಳಲ್ಲಿ ಮೀಟುವುದು, ಎರಡನೆಯ ಚರಣದ ಹೊತ್ತಿಗೆ ಡ್ರಮ್ಸ್ ಜತೆ ಓವರ್‌ಡ್ರೈವ್‌ನ ಒರಟು ಎಲೆಕ್ಟ್ರಿಕ್ ದನಿ, ಮತ್ತೆ ಪಲ್ಲವಿಗೆ ಇಳಿಯುವುದು. ಹಾಡುವವಳೂ ನೀನೇ ಆದ್ದರಿಂದ ಗಿಟಾರು ಬದಲಾಯಿಸಲು ಸಮಯವೇ ಇಲ್ಲ. ಸರಿ, ಹಾಗಾದರೆ ಹೈಬ್ರಿಡ್ ಕೊಳ್ಳುವುದರಲ್ಲಿ ಅರ್ಥವಿದೆ. ಒಂದು ವಿಷಯ ಮಾತ್ರ ನೆನಪಿರಲಿ. ಇದು ಸೋಫಾ-ಕಮ್-ಬೆಡ್ ಜಾತಿಯದು; ಕೂರುವುದಕ್ಕೂ ಆಗುತ್ತದೆ, ಮಲಗುವುದಕ್ಕೂ ಆಗುತ್ತದೆ, ಯಾವುದಕ್ಕೆ ಹೆಚ್ಚು ಒಗ್ಗುತ್ತದೆ ಎಂದು ನೋಡಿಯೇ ಆರಿಸಬೇಕು.

ಏಕೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಕೌಸ್ಟಿಕ್ ಗಿಟಾರಿನ ಜೀವ ಇರುವುದು ಮೇಲಿನ ತೆಳು ಹಲಗೆಯಲ್ಲಿ. ಅದು ಎಷ್ಟು ಸಲೀಸಾಗಿ ಕಂಪಿಸುತ್ತದೋ ಅಷ್ಟು ದನಿ. ವೇದಿಕೆಯ ಮೇಲೆ ಅದೇ ಗುಣ ಶತ್ರುವಾಗುತ್ತದೆ. ನಮ್ಮ ಎದುರಿನ ಮಾನಿಟರ್ ಸ್ಪೀಕರ್‌ನಿಂದ ಬಂದ ಸದ್ದು ಹಲಗೆಯನ್ನು ಅಲುಗಿಸುತ್ತದೆ, ಆ ಅಲುಗಾಟ ಪಿಕಪ್ ಮೂಲಕ ಮತ್ತೆ ಸ್ಪೀಕರ್‌ಗೆ ಹೋಗುತ್ತದೆ, ಸುತ್ತು ಸುತ್ತಿ ಕೊನೆಗೆ ಊಳಿಡುತ್ತದೆ. ಗಿಬ್ಸನ್‌ನವರು 1954ರಲ್ಲಿ ಜೆ-160ಇ ಎಂಬ ಗಿಟಾರು ತಂದಾಗ ಅದಕ್ಕೆ ಅಕೌಸ್ಟಿಕ್ ಒಡಲಿಟ್ಟು ಒಳಗೆ ಎಲೆಕ್ಟ್ರಿಕ್‌ನ ಪಿಕಪ್ ಕೂರಿಸಿದರು. ಊಳು ತಡೆಯಲು ಮೇಲಿನ ಹಲಗೆಯನ್ನು ಪ್ಲೈವುಡ್‌ನಂತೆ ಪದರ ಪದರವಾಗಿ ಅಂಟಿಸಿ ಗಟ್ಟಿ ಮಾಡಿದರು. ಊಳು ಕಡಿಮೆಯಾಯಿತು, ದನಿಯೂ ಒಣಗಿತು. ಬೀಟಲ್ಸ್ ತಂಡದ ಲೆನನ್ ಮತ್ತು ಹ್ಯಾರಿಸನ್ ಇಬ್ಬರೂ ಅದನ್ನೇ ನುಡಿಸಿದರು ಅನ್ನುವುದು ಬೇರೆ ಮಾತು. ಅವರು ಏನನ್ನು ನುಡಿಸಿದ್ದರೂ ನಾವು ಕೇಳುತ್ತಿದ್ದೆವು. ಆಮೇಲೆ 1960ರ ದಶಕದ ಕೊನೆಗೆ ಅಮೆರಿಕದ ಓವೇಷನ್ ಕಂಪನಿ ತಂತಿಗಳು ಒರಗುವ ಸ್ಯಾಡಲ್ ಪಟ್ಟಿಯ ಕೆಳಗೆ ಪೀಜೋ ಹರಳು ಇಟ್ಟಿತು. ಆ ಕಂಪನಿ ಕಟ್ಟಿದ ಚಾರ್ಲ್ಸ್ ಕಮಾನ್ ಮೂಲತಃ ಹೆಲಿಕಾಪ್ಟರ್ ಮಾಡುವವರು! ಪೀಜೋ ಎಂದರೆ ಒತ್ತಿದರೆ ವಿದ್ಯುತ್ ಹುಟ್ಟಿಸುವ ಹರಳು. ಊಳಿಗೆ ಅಷ್ಟು ಬೇಗ ಸಿಗುವುದಿಲ್ಲ, ಆದರೆ ಜೋರಾಗಿ ಹೊಡೆದರೆ ಪ್ಲಾಸ್ಟಿಕ್ ಚಪ್ಪಾಳೆಯಂಥ ಕಟಕಟ ಸದ್ದು ಬರುತ್ತದೆ. 1993ರ ಪಾರ್ಕರ್ ಫ್ಲೈ ಎಲೆಕ್ಟ್ರಿಕ್ ಕಡೆಯಿಂದ ಬಂತು: ಹಗುರವಾದ ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿ ಕಟ್ಟುವ ಬ್ರಿಡ್ಜ್‌ನಲ್ಲೇ ಪೀಜೋ. ಈಗ ನೀನು ನೋಡುತ್ತಿರುವ ಗಿಟಾರುಗಳೆಲ್ಲ ಈ ಹಳೆಯ ಜಗಳದ ಹೊಸ ರಾಜಿಗಳು. ಯಾರು ಎಲ್ಲಿ ರಾಜಿಯಾದರು ಎನ್ನುವುದೇ ಪ್ರಶ್ನೆ.

ಕ್ಯಾಲಿಫೋರ್ನಿಯಾದ ಟೇಲರ್‌ನವರು ಟಿ5 ತಂದದ್ದು 2005ರಲ್ಲಿ. ಅದರ ಚಿಕ್ಕ ಒಡಲಿನ ತಮ್ಮ ಟಿ5ಜೆಡ್ 2014ರಲ್ಲಿ ಬಂತು. ಒಳಗೆ ಟೊಳ್ಳು, ಮೂರು ಪಿಕಪ್. ಬ್ರಿಡ್ಜ್ ಹತ್ತಿರ ಕಾಣುವ ಹಂಬಕರ್ (ಎಲೆಕ್ಟ್ರಿಕ್ ಗಿಟಾರಿನ ಮ್ಯಾಗ್ನೆಟಿಕ್ ಪಿಕಪ್) ಒಂದು, ನೆಕ್ ಹತ್ತಿರ ಹಲಗೆಯ ಕೆಳಗೆ ಅಡಗಿಸಿಟ್ಟದ್ದು ಇನ್ನೊಂದು, ಹಲಗೆಯ ಕಂಪನ ಹಿಡಿಯುವ ಬಾಡಿ ಸೆನ್ಸರ್ ಮೂರನೆಯದು. ಈಗ ಸ್ವಿಚ್ ಗಮನಿಸು. ಅದಕ್ಕೆ ಐದು ಸ್ಥಾನ, ಬಾಡಿ ಸೆನ್ಸರ್ ಕೆಲಸ ಮಾಡುವುದು ಒಂದೇ ಒಂದರಲ್ಲಿ, ಅಲ್ಲೂ ನೆಕ್ ಹಂಬಕರ್ ಜತೆಗೂಡಿ. ಉಳಿದ ನಾಲ್ಕೂ ಎಲೆಕ್ಟ್ರಿಕ್. ಅಂದರೆ ಐದರಲ್ಲಿ ನಾಲ್ಕು ಪಾಲು ಇದು ಎಲೆಕ್ಟ್ರಿಕ್ ಗಿಟಾರು. ಫ್ರೆಟ್‌ಗಳೂ (ಬೆರಳೊತ್ತುವ ಹಲಗೆಯ ಅಡ್ಡಪಟ್ಟಿಗಳು) ಜಂಬೋ, ಫ್ರೆಟ್ ಬೋರ್ಡಿನ ಬಾಗಿನ ರೇಡಿಯಸ್ 12 ಇಂಚು, ತಂತಿ ಎಳೆಯಲು ಹಾಯಾಗಿರುತ್ತದೆ. ಓವರ್‌ಡ್ರೈವ್ ಹಾಕಿದರೆ ದಪ್ಪವಾಗಿ ಹಾಡುತ್ತದೆ. ಅಕೌಸ್ಟಿಕ್ ಸ್ಥಾನದಲ್ಲಿ ಇಂಪಾಗಿದೆ, ನಿನ್ನ ಡ್ರೆಡ್‌ನಾಟ್‌ನ ಅಗಲ ಮಾತ್ರ ಹುಡುಕಬೇಡ.

ಫೆಂಡರ್‌ನವರ ಅಮೆರಿಕನ್ ಅಕೌಸ್ಟಸಾನಿಕ್ ಟೆಲಿಕಾಸ್ಟರ್ 2019ರದು. ಇದನ್ನು ಅವರು ಫಿಶ್‌ಮನ್ ಕಂಪನಿಯ ಜತೆ ಸೇರಿ ಮಾಡಿದರು. ಪಾರ್ಕರ್ ಫ್ಲೈನ ಪೀಜೋ ಪಿಕಪ್ ಮಾಡಿದ್ದೂ ಅದೇ ಫಿಶ್‌ಮನ್. ಟೆಲಿಕಾಸ್ಟರ್ ಆಕಾರದ ಟೊಳ್ಳು ಮಹಾಗನಿ ಒಡಲು, ಸ್ಪ್ರೂಸ್ ಮರದ ಮೇಲ್‌ಹಲಗೆ, ನಡುವೆ ಒಂದು ಕಿಂಡಿ. ಸ್ಯಾಡಲ್ ಕೆಳಗೆ ಪೀಜೋ, ಒಡಲ ತಟ್ಟು ಹಿಡಿಯುವ ಸೆನ್ಸರ್ ಒಂದು, ಬ್ರಿಡ್ಜ್ ಹತ್ತಿರ ಮ್ಯಾಗ್ನೆಟಿಕ್ ಪಿಕಪ್ ಒಂದು. ಬೇರೆ ಬೇರೆ ಮರದ, ಬೇರೆ ಬೇರೆ ಆಕಾರದ ಅಕೌಸ್ಟಿಕ್‌ಗಳ ಗುಣವನ್ನು ಒಳಗಿನ ಎಲೆಕ್ಟ್ರಾನಿಕ್ಸ್ ಕೂಡಿಸಿ ಕೊಡುತ್ತದೆ. ಐದು ಸ್ಥಾನ, ಪ್ರತಿ ಸ್ಥಾನಕ್ಕೂ ಎರಡು ದನಿ, ಆ ಎರಡನ್ನು ಬೆರೆಸಲು ಮಾಡ್ ನಾಬ್. ಇಲ್ಲಿ ತೂಕವೆಲ್ಲ ಅಕೌಸ್ಟಿಕ್ ಕಡೆಗೆ. ಎಲೆಕ್ಟ್ರಿಕ್‌ಗೆ ಇರುವುದು ಬ್ರಿಡ್ಜ್ ಪಕ್ಕದ ಅದೊಂದೇ ಪಿಕಪ್. ನೆಕ್ ಪಿಕಪ್‌ನ ಬೆಚ್ಚನೆಯ ದನಿ ಬೇಕೆಂದರೆ ಸಿಗುವುದಿಲ್ಲ. ಒಡಲನ್ನು ತಟ್ಟಿ ತಾಳ ಹಾಕುವ ನಿನ್ನ ಅಭ್ಯಾಸಕ್ಕೆ ಆ ಸೆನ್ಸರ್ ಹೇಳಿ ಮಾಡಿಸಿದಂತಿದೆ.

2021ರಲ್ಲಿ ಅದರದೇ ಮೆಕ್ಸಿಕೋ ತಯಾರಿಕೆಯ ಪ್ಲೇಯರ್ ಮಾದರಿ ಬಂತು. ಸ್ವಿಚ್ ಮೂರೇ ಸ್ಥಾನದ್ದು, ಆರು ದನಿ. ಅಮೆರಿಕದಲ್ಲಿ ಬಿಡುಗಡೆಯಾದಾಗ ದೊಡ್ಡದಕ್ಕೆ ಸುಮಾರು 2000 ಡಾಲರ್, ಇದಕ್ಕೆ ಸುಮಾರು 1200. ನಮ್ಮಲ್ಲಿಗೆ ಸುಂಕ ಕಟ್ಟಿಸಿಕೊಂಡು ಬರುವ ಹೊತ್ತಿಗೆ ಎರಡೂ ಬೆಲೆ ಏರುತ್ತವೆ, ನಡುವಿನ ಅಂತರವೂ ಏರುತ್ತದೆ. ನನ್ನನ್ನು ಕೇಳಿದರೆ ನಿನಗೆ ಈ ಪ್ಲೇಯರ್ ಸಾಕು. ಹಾಡಿನ ನಡುವೆ ಹತ್ತು ದನಿ ಹುಡುಕುವವರನ್ನು ನಾನು ಕಂಡಿಲ್ಲ. ವೇದಿಕೆಯ ಮೇಲೆ ಎಲ್ಲರೂ ಬಳಸುವುದು ಎರಡು, ಹೆಚ್ಚೆಂದರೆ ಮೂರು. ನೀನು ಮೊದಲು ಹಾಡುಗಾರ್ತಿ, ಗಿಟಾರು ಬಹುಪಾಲು ನಿನ್ನ ಕಂಠದ ಹಿಂದೆ ಅಕೌಸ್ಟಿಕ್ ಆಗಿಯೇ ಇರುತ್ತದೆ, ಎಲೆಕ್ಟ್ರಿಕ್ ಆಗಾಗ ಬಂದು ಹೋಗುವ ಅತಿಥಿ. ಇದೇ ತಲೆಕೆಳಗಾಗಿದ್ದರೆ ಟಿ5ಜೆಡ್ ಅನ್ನುತ್ತಿದ್ದೆ.

ಯಾರೂ ನಿನಗೆ ಹೇಳಿರದ ಇನ್ನೊಂದು ಗಿಟಾರು ಇದೆ, ಕೆನಡಾದ ಗೊಡಿನ್ ಕಂಪನಿಯ ಎ6 ಅಲ್ಟ್ರಾ. ಪೀಜೋ ಒಂದು, ಹಂಬಕರ್ ಒಂದು, ಡಿಜಿಟಲ್ ಜಾಣತನ ಏನೂ ಇಲ್ಲ. ಅದರ ದೊಡ್ಡ ಗುಣ ಎರಡು ಔಟ್‌ಪುಟ್: ಅಕೌಸ್ಟಿಕ್‌ಗೆ ಒಂದು ಕೇಬಲ್, ಎಲೆಕ್ಟ್ರಿಕ್‌ಗೆ ಬೇರೆ ಕೇಬಲ್. ಇದು ಸಣ್ಣ ಅನುಕೂಲವಲ್ಲ.

ಎಲ್ಲರೂ ಗಿಟಾರು ನೋಡುತ್ತಾರೆ, ಕೇಬಲ್ ಎಲ್ಲಿಗೆ ಹೋಗುತ್ತದೆ ಎಂದು ನೋಡುವವರು ಕಡಿಮೆ. ಎಲೆಕ್ಟ್ರಿಕ್ ಗಿಟಾರಿನ ಆಂಪ್‌ನಲ್ಲಿರುವ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಹೆಚ್ಚು ಸದ್ದು ಕೊಡುವುದಿಲ್ಲ. ಓವರ್‌ಡ್ರೈವ್‌ಗೆ ಅದು ಒಳ್ಳೆಯದೇ, ಕರ್ಕಶ ಭಾಗವೆಲ್ಲ ಅಲ್ಲೇ ಸೋಸಿ ಹೋಗುತ್ತದೆ. ಅಕೌಸ್ಟಿಕ್‌ನ ಝಣ ಝಣ ಹೊಳಪು ಇರುವುದು ಅದಕ್ಕಿಂತ ಮೇಲೆ. ಆಂಪ್‌ನಲ್ಲಿ ಅಕೌಸ್ಟಿಕ್ ಕೇಳಿದರೆ ರಗ್ಗು ಹೊದ್ದುಕೊಂಡಂತಿರುತ್ತದೆ. ಅದನ್ನೇ ನೇರ ಮಿಕ್ಸರ್‌ಗೆ ಕೊಟ್ಟರೆ ಅಕೌಸ್ಟಿಕ್ ಚೆನ್ನ, ಆದರೆ ಓವರ್‌ಡ್ರೈವ್ ಹಾಕಿದ ಕ್ಷಣ ಜೀರುಂಡೆ ಗುಯ್‌ಗುಟ್ಟಿದ ಹಾಗೆ ಕೇಳುತ್ತದೆ. ಮದುವೆ ಛತ್ರಗಳಲ್ಲಿ ನಿಮಗೆ ಸಿಗುವುದು ಸಾಮಾನ್ಯವಾಗಿ ಮಿಕ್ಸರ್ ಮಾತ್ರ. ಹಾಗಾಗಿ ಆಂಪ್ ಸ್ಪೀಕರಿನ ಆ ಸೋಸುವಿಕೆಯನ್ನು ಅನುಕರಿಸುವ ಕ್ಯಾಬಿನೆಟ್ ಸಿಮ್ಯುಲೇಷನ್ ಇರುವ ಒಂದು ಆಂಪ್ ಮಾಡೆಲರ್ ಪೆಡಲ್‌ಗೆ ದುಡ್ಡು ಎತ್ತಿಡು. ಎಲೆಕ್ಟ್ರಿಕ್ ಬಂದಾಗ ಪೆಡಲ್ ಒತ್ತು, ಅಕೌಸ್ಟಿಕ್‌ಗೆ ಮತ್ತೆ ಬೈಪಾಸ್. ಅಲ್ಲಿಗೆ ಕೈಯಲ್ಲಿ ಸ್ವಿಚ್, ಕಾಲಲ್ಲಿ ಪೆಡಲ್, ಬಾಯಲ್ಲಿ ಸಾಹಿತ್ಯ. ಮೂರನ್ನೂ ಒಟ್ಟಿಗೆ ಮಾಡುವುದು ಅಭ್ಯಾಸದಿಂದ ಬರುತ್ತದೆ, ಮೊದಲ ಕಾರ್ಯಕ್ರಮದಲ್ಲೇ ಬರುವುದಿಲ್ಲ.

ತಂತಿಯ ಮಾತು ನಿನಗೆ ಮುಖ್ಯ, ಏಕೆಂದರೆ ನೀನು ಚಿಕ್ಕಂದಿನಲ್ಲಿ ಕಲಿತ ವರ್ಣ, ಕೀರ್ತನೆಗಳ ಗಮಕವನ್ನು ಗಿಟಾರಿಗೆ ತರಲು ಹವಣಿಸುತ್ತಿದ್ದೀಯ. ಕಂಚಿನ ಸುತ್ತಿರುವ ಅಕೌಸ್ಟಿಕ್ ತಂತಿಯಲ್ಲಿ ಮ್ಯಾಗ್ನೆಟಿಕ್ ಪಿಕಪ್‌ಗೆ ಕಾಣುವುದು ಒಳಗಿನ ಉಕ್ಕಿನ ಎಳೆ ಮಾತ್ರ. ಸುತ್ತಿಲ್ಲದ ಕೊನೆಯ ಎರಡು ತಂತಿಗಳು ಪೂರ್ತಿ ಉಕ್ಕು. ಆದ್ದರಿಂದ ಎಲೆಕ್ಟ್ರಿಕ್ ದನಿಯಲ್ಲಿ ಅವೆರಡೇ ಮುಂದೆ ನುಗ್ಗುತ್ತವೆ. ನಿಕಲ್ ಸುತ್ತಿನ ತಂತಿ ಹಾಕಿದರೆ ಎಲ್ಲ ಸಮವಾಗುತ್ತದೆ, ಅಕೌಸ್ಟಿಕ್ ಹೊಳಪು ಸ್ವಲ್ಪ ಮಂಕಾಗುತ್ತದೆ. ಅಕೌಸ್ಟಸಾನಿಕ್ ಕಾರ್ಖಾನೆಯಿಂದ ಬರುವುದು ಕಂಚಿನ ತಂತಿಯೊಂದಿಗೆ, ಮೂರನೆಯ ತಂತಿಗೂ ಸುತ್ತು ಇರುತ್ತದೆ. ಸುತ್ತಿರುವ ಮೂರನೆಯ ತಂತಿಯಲ್ಲಿ ತೋಡಿಯ ಗಾಂಧಾರವನ್ನು ತೂಗಲು ಹೋದರೆ ಬೆರಳು ಸೋಲುತ್ತದೆ. ಹಾಗೆಂದು ಸುತ್ತಿಲ್ಲದ್ದನ್ನು ಸುಮ್ಮನೆ ಹಾಕಿಬಿಡಬೇಡ: ಸ್ಯಾಡಲ್ ಕೆತ್ತಿರುವುದು ಸುತ್ತಿನ ತಂತಿಯ ಲೆಕ್ಕದಲ್ಲಿ, ಸುತ್ತಿಲ್ಲದ ತಂತಿ ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ಏರಿಸಿ ನುಡಿಯುತ್ತದೆ. ನಿನ್ನ ಕಿವಿಗೆ ಅದು ಖಂಡಿತ ಚುಚ್ಚುತ್ತದೆ. ಕೈ ಪಳಗಿದ ರಿಪೇರಿಯವರಿಂದ ಸ್ಯಾಡಲ್ ತಿದ್ದಿಸಬೇಕು. 1970ರ ದಶಕದಲ್ಲಿ ನಮ್ಮ ಸಂಗೀತಗಾರರ ಜತೆ ಶಕ್ತಿ ತಂಡದಲ್ಲಿ ನುಡಿಸಲು ಹೊರಟ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಫ್ರೆಟ್ ಬೋರ್ಡನ್ನೇ ಕುಳಿ ಕೊರೆಸಿದ ಅಕೌಸ್ಟಿಕ್ ಮಾಡಿಸಿಕೊಂಡರು. ಗಮಕಕ್ಕಾಗಿ ವಾದ್ಯವನ್ನು ಬಗ್ಗಿಸಿದ್ದು ಅವರು, ನೀನು ಸ್ಯಾಡಲ್ ತಿದ್ದಿಸಲು ಹಿಂಜರಿಯಬೇಡ.

ಅಂಗಡಿಯಲ್ಲಿ ಏನು ನೋಡಬೇಕು ಎಂದೆಯಲ್ಲ. ಅಲ್ಲಿನ ಚಂದದ ಆಂಪ್‌ನಲ್ಲಿ ಕೇಳಿ ಮರುಳಾಗಬೇಡ. ನಿಮ್ಮ ತಂಡದ ಪಿ.ಎ. ಸ್ಪೀಕರ್ ಒಂದನ್ನು ಹೊತ್ತುಕೊಂಡು ಹೋಗು, ನಾಚಿಕೆ ಬೇಡ. ನಿಂತು ನುಡಿಸು. ಒಂದು ಕಾರ್ಡ್ ಮೀಟಿ ಅದು ಇನ್ನೂ ಮೊಳಗುತ್ತಿರುವಾಗಲೇ ಅಕೌಸ್ಟಿಕ್‌ನಿಂದ ಎಲೆಕ್ಟ್ರಿಕ್‌ಗೆ ಸ್ವಿಚ್ ಒತ್ತು. ಟಪ್ ಎಂದು ಸದ್ದು ಬರುತ್ತದೆಯೇ, ದನಿ ದಿಢೀರನೆ ಏರುತ್ತದೆಯೇ, ಬೀಳುತ್ತದೆಯೇ ಕೇಳು. ನೀನು ದುಡ್ಡು ಕೊಡುತ್ತಿರುವುದು ಆ ಒಂದು ಕ್ಷಣಕ್ಕೆ. ಆಮೇಲೆ ಸ್ಪೀಕರ್‌ಗೆ ಎದುರು ನಿಂತು ವಾಲ್ಯೂಮ್ ಏರಿಸುತ್ತಾ ಹೋಗು, ಎಲ್ಲಿ ಊಳಿಡಲು ಶುರುವಾಗುತ್ತದೆ ಎಂದು ಗುರುತು ಮಾಡಿಕೊ. ವಿಡಿಯೋದಲ್ಲಿ ಇದು ಯಾವುದೂ ಕಾಣುವುದಿಲ್ಲ, ಅಲ್ಲಿ ಎಲ್ಲ ಗಿಟಾರೂ ದೇವಲೋಕದ್ದೇ.

ಬ್ಯಾಟರಿ ಇಲ್ಲದೆ ಇವು ಮೂಕ. ಟಿ5ಜೆಡ್‌ಗೂ ಅಕೌಸ್ಟಸಾನಿಕ್ ಪ್ಲೇಯರ್‌ಗೂ 9 ವೋಲ್ಟ್ ಬ್ಯಾಟರಿ, ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಅಮೆರಿಕನ್ ಅಕೌಸ್ಟಸಾನಿಕ್‌ನದು ಯುಎಸ್‌ಬಿಯಲ್ಲಿ ಚಾರ್ಜ್ ಮಾಡುವ ಒಳಗಿನ ಬ್ಯಾಟರಿ; ಸೆಕೆಂಡ್ ಹ್ಯಾಂಡ್ ಸಿಕ್ಕರೆ ಅದು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೇಳದೆ ಮುಂಗಡ ಕೊಡಬೇಡ. ಮಳೆಗಾಲದಲ್ಲಿ ಮಂಗಳೂರು ಕಡೆ ಕಾರ್ಯಕ್ರಮಕ್ಕೆ ಹೋದರೆ ಪೆಟ್ಟಿಗೆಯಲ್ಲಿ ತೇವ ಹೀರುವ ಪೊಟ್ಟಣ ಇರಲಿ, ಬೆಂಗಳೂರಿನ ಮಾರ್ಚ್ ತಿಂಗಳ ಒಣಹವೆಗೆ ತೇವ ಕೊಡುವ ಪೊಟ್ಟಣ. ಸ್ಪ್ರೂಸ್ ಹಲಗೆಗೆ ಗಾಳಿಯಲ್ಲಿ ಶೇ. 45ರಿಂದ 55ರಷ್ಟು ತೇವ ಇದ್ದರೆ ನೆಮ್ಮದಿ.

ಮುಂದಿನ ತಿಂಗಳ ಎರಡನೆಯ ಶನಿವಾರ ನಾನು ಬೆಂಗಳೂರಿಗೆ ಬರುವುದಿದೆ. ಅಲ್ಲಿಯವರೆಗೆ ತಡೆದರೆ ಜತೆಗೆ ಹೋಗೋಣ, ಸ್ಪೀಕರ್ ನಾನು ಹಿಡಿದುಕೊಳ್ಳುತ್ತೇನೆ. ಬೆಲೆ ಎಷ್ಟೆಂದು ನಿನ್ನ ಅಮ್ಮನಿಗೆ ನೀನೇ ಹೇಳು. ಆ ವಿಷಯದಲ್ಲಿ ಮಾತ್ರ ನನ್ನನ್ನು ನಡುವೆ ತರಬೇಡ.

ಇಂತಿ,
ನಿನ್ನ ಮಾವ