ಕೇಳಿದ ಮೀಟರ್ ಕೊಡದೆ ಬೇಡದ್ದನ್ನು ಮಾರಿ, ತಪ್ಪಾಗಿ ಅಳವಡಿಸಿದ ಬಗ್ಗೆ ದೂರು

ಇಂದ,
ತಮ್ಮ ಗ್ರಾಹಕ,
ಬಸವನಗುಡಿ, ಬೆಂಗಳೂರು

ಇವರಿಗೆ,
ಮಾಲೀಕರು,
ಕಾರು ಬಿಡಿಭಾಗಗಳ ಮಳಿಗೆ,
ಜೆ.ಸಿ. ರಸ್ತೆ, ಬೆಂಗಳೂರು

ವಿಷಯ: ಎಂಜಿನ್ ಮೀಟರ್‌ಗಳ ತಪ್ಪು ಆಯ್ಕೆ ಹಾಗೂ ಅಳವಡಿಕೆ, ಹಣ ಹಿಂದಿರುಗಿಸುವಂತೆ ಕೋರಿಕೆ.

ಮಾನ್ಯರೇ,

ಕಳೆದ ಜನವರಿ 18ರಂದು ತಮ್ಮ ಮಳಿಗೆಯಲ್ಲಿ ನನ್ನ 2014ರ ಪೆಟ್ರೋಲ್ ಕಾರಿಗೆ ಮೂರು ಮೀಟರ್‌ಗಳನ್ನು ಹಾಕಿಸಿಕೊಂಡು, ಕೂಲಿಯೂ ಸೇರಿ 18,400 ರೂಪಾಯಿ ಪಾವತಿಸಿದ್ದೇನೆ. ಬಿಲ್ಲಿನ ಪ್ರತಿಯನ್ನು ಲಗತ್ತಿಸಿದ್ದೇನೆ. ಎರಡು ಮೀಟರ್ ಬೇಕೆಂದು ಬಂದವನು ಮೂರು ಹಾಕಿಸಿಕೊಂಡು ಹೋದೆ. ಅವುಗಳಲ್ಲಿ ನಾನು ಕೇಳಿದ್ದು ಒಂದೇ, ಅದೂ ತಪ್ಪು ತೋರಿಸುತ್ತಿದೆ.

ನಾನು ಬಂದದ್ದು ಶೋಕಿಗಲ್ಲ. ಹೋದ ವರ್ಷ ಮಂಗಳೂರಿನಿಂದ ಹಿಂತಿರುಗುತ್ತ ಶಿರಾಡಿ ಘಾಟಿ ಏರುವಾಗ ರೇಡಿಯೇಟರ್ ಹೋಸ್ ಸೋರಿ, ಡ್ಯಾಶ್‌ಬೋರ್ಡಿನ ಕೆಂಪು ದೀಪ ಹೊತ್ತಿಕೊಳ್ಳುವಷ್ಟರಲ್ಲಿ ಎಂಜಿನ್ನಿನ ತಲೆಭಾಗದ ಸೀಲಾದ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ನನ್ನ ಕಾರಿನಲ್ಲಿ ತಾಪಮಾನಕ್ಕೆ ಮುಳ್ಳಿಲ್ಲ, ದೀಪ ಮಾತ್ರ. ಆಯಿಲ್ ಒತ್ತಡದ ದೀಪದ ಹಣೆಬರಹವೂ ಅದೇ: ಹೆದ್ದಾರಿಯ ವೇಗದಲ್ಲಿ ಮೂರು ನಾಲ್ಕು ಬಾರ್ ಇರಬೇಕಾದ ಒತ್ತಡ ಒಂದು ಬಾರ್‌ಗೆ ಕುಸಿದರೂ ಅದು ಸುಮ್ಮನಿರುತ್ತದೆ, ಸಾಮಾನ್ಯವಾಗಿ ಅರ್ಧ ಬಾರ್‌ಗಿಂತಲೂ ಕೆಳಗಿಳಿದ ಮೇಲಷ್ಟೇ ಹೊತ್ತಿಕೊಳ್ಳುತ್ತದೆ. ಆದ್ದರಿಂದಲೇ ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ತಾಪಮಾನ ಮತ್ತು ಆಯಿಲ್ ಒತ್ತಡ, ಈ ಎರಡಕ್ಕೆ ಮೀಟರ್ ಬೇಕೆಂದು ಸ್ಪಷ್ಟವಾಗಿ ಕೇಳಿದ್ದೆ. ಕೌಂಟರಿನಲ್ಲಿದ್ದ ತಮ್ಮ ಸಿಬ್ಬಂದಿ, “ಆಯಿಲ್‌ಗೆ ದೀಪ ಇದ್ಯಲ್ಲ ಸಾರ್, ಬೂಸ್ಟ್ ಹಾಕ್ಸಿ, ಲುಕ್ ಬರುತ್ತೆ” ಎಂದು ಒತ್ತಾಯಿಸಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡದ) ಮೀಟರನ್ನೂ ಏರ್-ಫ್ಯುಯೆಲ್ (ಗಾಳಿ-ಇಂಧನ ಮಿಶ್ರಣದ) ಮೀಟರನ್ನೂ ಸೇರಿಸಿದರು. ಒಪ್ಪಿಕೊಂಡದ್ದು ನನ್ನ ತಪ್ಪು ಹೌದು, ಆದರೆ ಮಾರುವವರಿಗೆ ತಿಳಿದಿರುತ್ತದೆಂಬ ನಂಬಿಕೆಯಿಂದ ಒಪ್ಪಿದೆ.

ನನ್ನ ಕಾರಿಗೆ ಟರ್ಬೊ ಇಲ್ಲ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಬೂಸ್ಟ್ ಮೀಟರಿನ ಮುಳ್ಳು ಸೊನ್ನೆಯ ಬಲಕ್ಕೆ ಎಂದೂ ಬರುವುದಿಲ್ಲ; ಎಡಭಾಗದಲ್ಲಿ, ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಯಾದ ಇನ್‌ಟೇಕ್ ಮ್ಯಾನಿಫೋಲ್ಡಿನ ನಿರ್ವಾತವನ್ನಷ್ಟೇ ತೋರಿಸುತ್ತದೆ. ನಿರ್ವಾತವನ್ನು ಓದಬಲ್ಲವರಿಗೆ ಅದೂ ಉಪಯುಕ್ತವೇ, ಆದರೆ ತಮ್ಮ ಮೆಕ್ಯಾನಿಕ್ ಅದನ್ನು ಓದಿದ ರೀತಿ ನನಗೆ ದುಬಾರಿಯಾಗುವುದರಲ್ಲಿತ್ತು. ಐಡ್ಲಿಂಗಿನಲ್ಲಿ ಮುಳ್ಳು 16 ಇಂಚು ಪಾದರಸಕ್ಕೆ (ನಿರ್ವಾತದ ಮಾನ) ನಿಂತದ್ದನ್ನು ಕಂಡು ಅವರು, ಕನಿಷ್ಠ 18 ಇರಬೇಕು, ಪಿಸ್ಟನ್ ರಿಂಗ್ ಸವೆದಿದೆ ಎಂದು ತೀರ್ಮಾನಿಸಿ, ಎಂಜಿನ್ ಬಿಚ್ಚಲು 32,000 ರೂಪಾಯಿಯ ಎಸ್ಟಿಮೇಟ್ ಬರೆದುಕೊಟ್ಟರು. ಮರುವಾರ ಅದೇ ಕಾರನ್ನು, ಒಂದು ನಟ್ಟನ್ನೂ ಮುಟ್ಟದೆ, ಮಂಗಳೂರಿಗೆ ಒಯ್ದೆ. ಪಣಂಬೂರಿನ ಕಡಲತೀರದಲ್ಲಿ ಎಂಜಿನ್ ಬಿಸಿಯಿರುವಾಗಲೇ ನೋಡಿದರೆ ಮುಳ್ಳು 19ರ ಮೇಲಿತ್ತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ, ಪ್ರತಿ ಸಾವಿರ ಅಡಿಗೆ ಈ ಮೀಟರ್ ಸುಮಾರು ಒಂದು ಇಂಚು ಕಡಿಮೆ ತೋರಿಸುತ್ತದೆ, ಅವರು ಹೇಳಿದ 18 ಎಂಬ ಪುಸ್ತಕದ ಅಂಕಿ ಸಮುದ್ರಮಟ್ಟದ ಲೆಕ್ಕದ್ದು. ಬೆಂಗಳೂರಿನಲ್ಲೇ ಮೀಟರ್ ಮಾರಿ ಬದುಕುವವರಿಗೆ ಇಷ್ಟು ತಿಳಿದಿರಬೇಡವೇ?

ಏರ್-ಫ್ಯುಯೆಲ್ ಮೀಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದನ್ನು ಕಾರಿನ ಮೂಲ ಆಕ್ಸಿಜನ್ ಸೆನ್ಸರಿಗೇ ಜೋಡಿಸಲಾಗಿದೆ. ಆ ಸೆನ್ಸರ್ ಮಿಶ್ರಣ ತೂಕದಲ್ಲಿ 14.7 ಪಾಲು ಗಾಳಿಗೆ 1 ಪಾಲು ಇಂಧನದ ಆಚೆಯೋ ಈಚೆಯೋ ಎಂಬುದನ್ನಷ್ಟೇ ಹೇಳಬಲ್ಲದು, ಎಷ್ಟು ಎಂಬುದನ್ನಲ್ಲ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ತಾನಾಗಿಯೇ ಮಿಶ್ರಣವನ್ನು ಆ ಗಡಿಯ ಎರಡೂ ಬದಿಗೆ ಸತತವಾಗಿ ತೂಗಾಡಿಸುತ್ತಿರುವುದರಿಂದ ಮೀಟರಿನ ದೀಪಗಳು ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ಟಿನಂತೆ ಓಡಾಡುತ್ತಿರುತ್ತವೆ. ನಿಜವಾದ ಅಂಕಿ ಬೇಕಾದರೆ ವೈಡ್‌ಬ್ಯಾಂಡ್ ಸೆನ್ಸರ್ ಬೇಕಿತ್ತು, ಅದನ್ನು ಯಾರೂ ಹೇಳಲಿಲ್ಲ. ಇದರ ಬದಲು ಒಂದು ವೋಲ್ಟ್ ಮೀಟರ್ ತೋರಿಸಿದ್ದರೂ ಸಂತೋಷದಿಂದ ಕೊಳ್ಳುತ್ತಿದ್ದೆ, ಆಲ್ಟರ್ನೇಟರ್ ಕೈಕೊಡುವ ಮುನ್ಸೂಚನೆಯಾದರೂ ಸಿಗುತ್ತಿತ್ತು.

ಇವೆಲ್ಲಕ್ಕಿಂತ ಗಂಭೀರವಾದದ್ದು ತಾಪಮಾನದ ಮೀಟರ್. ಫೆಬ್ರವರಿ ಮೊದಲ ವಾರದ ಒಂದು ಸಂಜೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಿದ್ದಾಗ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುತ್ತಿತ್ತು, ಮೀಟರ್ ಮಾತ್ರ 81 ಡಿಗ್ರಿ ತೋರಿಸುತ್ತಿತ್ತು. 81 ಡಿಗ್ರಿಗೆ ಫ್ಯಾನ್ ಏಕೆ ತಿರುಗಬೇಕು ಎಂಬ ಅನುಮಾನದಿಂದ ಕಾರಿನ ಕಂಪ್ಯೂಟರಿನ ಅಂಕಿ ಓದುವ ಓಬಿಡಿ ರೀಡರ್ ಚುಚ್ಚಿ ನೋಡಿದೆ: 99. ಸೆನ್ಸರ್ ಇರುವ ಜಾಗ ಬೇರೆಯಾದ್ದರಿಂದ ಎರಡು ಮೂರು ಡಿಗ್ರಿ ಹೆಚ್ಚುಕಡಿಮೆ ಸಹಜ, ಹದಿನೆಂಟು ಸಹಜವಲ್ಲ. ಮನೆಗೆ ಬಂದು ಬಾನೆಟ್ ಎತ್ತಿದಾಗ ಕಾರಣ ಕಣ್ಣಿಗೇ ಕಂಡಿತು. ತಾವು ಹಾಕಿರುವುದು ಒಂಟಿ ವೈರಿನ ಸೆನ್ಸರ್, ಅದಕ್ಕೆ ಅರ್ಥ್ (ಕರೆಂಟು ಬ್ಯಾಟರಿಯ ನೆಗೆಟಿವ್ ಕಡೆಗೆ ಮರಳುವ ದಾರಿ) ಸಿಗಬೇಕಾದದ್ದು ಅದರ ತಿರುಪಿನ ಎಳೆಗಳ (ಥ್ರೆಡ್) ಮೂಲಕವೇ. ಆ ಎಳೆಗಳಿಗೆ ಟೆಫ್ಲಾನ್ ಟೇಪನ್ನು ನಾಲ್ಕೈದು ಸುತ್ತು ಸುತ್ತಲಾಗಿದೆ. ಸೆನ್ಸರ್ ಕೂರಿಸಿದ ಅಡಾಪ್ಟರ್ ರಬ್ಬರ್ ಹೋಸಿನ ನಡುವೆ ಇರುವುದರಿಂದ ಅದಕ್ಕೆ ಬೇರೆ ಅರ್ಥ್ ವೈರ್ ಬೇಕು. ಅದನ್ನು ಬಣ್ಣ ಕೆರೆಯದೆ ಬ್ರಾಕೆಟ್ಟಿಗೆ ಬಿಗಿಯಲಾಗಿದೆ. ಇಂಥ ಸೆನ್ಸರಿನ ವಿದ್ಯುತ್ ರೋಧ ಬಿಸಿಯೇರಿದಂತೆ ಇಳಿಯುತ್ತದೆ, ಆದ್ದರಿಂದ ಕೆಟ್ಟ ಅರ್ಥ್‌ನಿಂದ ರೋಧ ಸೇರಿಕೊಂಡಾಗ ಮೀಟರ್ ಇರುವುದಕ್ಕಿಂತ ತಣ್ಣಗಿದೆಯೆಂದು ತೋರಿಸುತ್ತದೆ. ಎಂಜಿನ್ ಓಡುತ್ತಿರುವಾಗಲೇ ಸೆನ್ಸರಿನ ಮೈಯಿಂದ ಬ್ಯಾಟರಿಯ ನೆಗೆಟಿವ್‌ಗೆ ಒಂದು ವೈರ್ ಹಿಡಿದೆ. ಮುಳ್ಳು ಒಮ್ಮೆಲೇ ಏರಿ 96ಕ್ಕೆ ನಿಂತಿತು. ಮೀಟರೇ ಇಲ್ಲದಿದ್ದಾಗ ನಾನು ಎಚ್ಚರದಿಂದಾದರೂ ಇರುತ್ತಿದ್ದೆ. ಈ ಮೀಟರನ್ನು ನಂಬಿ ಇನ್ನೊಮ್ಮೆ ಘಾಟಿ ಏರಿದ್ದರೆ ಎರಡನೇ ಗ್ಯಾಸ್ಕೆಟ್ಟೂ ಹೋಗುತ್ತಿತ್ತು.

ಆದ್ದರಿಂದ ಬೂಸ್ಟ್ ಮತ್ತು ಏರ್-ಫ್ಯುಯೆಲ್ ಮೀಟರ್‌ಗಳನ್ನು ಬಿಚ್ಚಿಕೊಂಡು, ಅವುಗಳ ಬೆಲೆಯನ್ನೂ ಜೋಡಣೆಯ ಕೂಲಿಯನ್ನೂ ಸೇರಿಸಿ 11,200 ರೂಪಾಯಿಯನ್ನು ಹಿಂದಿರುಗಿಸಬೇಕೆಂದು, ತಾಪಮಾನದ ಸೆನ್ಸರನ್ನು ಸರಿಯಾದ ಅರ್ಥ್‌ನೊಂದಿಗೆ ಉಚಿತವಾಗಿ ಮರುಜೋಡಿಸಬೇಕೆಂದು ಮತ್ತು ರಿಂಗ್ ಸವೆದಿದೆಯೆಂಬ ಎಸ್ಟಿಮೇಟನ್ನು ಲಿಖಿತವಾಗಿ ಹಿಂಪಡೆಯಬೇಕೆಂದು ಕೋರುತ್ತೇನೆ. ಹಣದ ಬದಲು ಬೇರೆ ಸಾಮಾನು ನನಗೆ ಬೇಡ. ಆಯಿಲ್ ಒತ್ತಡದ ಮೀಟರನ್ನು ಬೇರೆಡೆ ಕೊಳ್ಳುತ್ತೇನೆ. ಹದಿನೈದು ದಿನಗಳೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಜಿಲ್ಲಾ ಆಯೋಗದ ಮುಂದೆ ಹೋಗುವುದು ಅನಿವಾರ್ಯವಾಗುತ್ತದೆ.

ಯಾವುದೇ ಶನಿವಾರ ಬೆಳಗ್ಗೆ ಕಾರನ್ನು ತರಬಲ್ಲೆ. ಓಬಿಡಿ ರೀಡರನ್ನೂ ಜೊತೆಗೆ ತರುತ್ತೇನೆ. ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಎರಡೂ ಅಂಕಿಗಳನ್ನು ಪಕ್ಕಪಕ್ಕದಲ್ಲಿ ನೋಡಿದ ಮೇಲೆಯೇ ಜಾಬ್ ಕಾರ್ಡಿಗೆ ಸಹಿ ಹಾಕುತ್ತೇನೆ.

ಇಂತಿ,
ತಮ್ಮ ಗ್ರಾಹಕ